ಎಂಟನೇ ದಿನಕ್ಕೆ ಯಾರು ಹೊಣೆ?

‘ಜೀವ ಉಳೀತಲ್ಲ, ಅಷ್ಟು ಸಾಕು.’ ತಲೆಗೆ ಪೆಟ್ಟು ಬಿದ್ದವರ ಮನೆಗೆ ಹಣ್ಣು ಹಿಡಿದು ಬರುವವರೆಲ್ಲ ಹೇಳುವ ಮಾತು ಇದು. ಹೇಳುವವರ ಮನಸ್ಸು ಕೆಟ್ಟದ್ದಲ್ಲ. ಐಸಿಯು ಬಾಗಿಲಲ್ಲಿ ನಿಂತ ಮನೆಯವರೂ ದೇವರಲ್ಲಿ ಕೇಳಿಕೊಳ್ಳುವುದು ಅಷ್ಟನ್ನೇ. ನನ್ನ ತಕರಾರು ಇರುವುದು ಸರ್ಕಾರವೂ ಇದೇ ಮಾತನ್ನು ತನ್ನ ನೀತಿ ಮಾಡಿಕೊಂಡಿರುವುದರ ಬಗ್ಗೆ. ಉಳಿದ ಜೀವ ಮುಂದೆ ಬದುಕುವುದು ಹೇಗೆ, ಅದನ್ನು ನೋಡಿಕೊಳ್ಳುವವರು ಯಾರು, ಖರ್ಚು ಯಾರದು ಎಂದು ಕೇಳಿದರೆ ವಿಧಾನಸೌಧದಲ್ಲಾಗಲಿ ದೆಹಲಿಯಲ್ಲಾಗಲಿ ಉತ್ತರವಿಲ್ಲ. ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತು ಎಂದು ನಿಟ್ಟುಸಿರು ಬಿಡುವುದು ನಮಗೆ ಗೊತ್ತು. ತಲೆಗೆ ಬಂದದ್ದು ತಲೆಗೇ ತಗುಲಿ, ಆಮೇಲೂ ಬದುಕಿದವರ ಬಗ್ಗೆ ನಮ್ಮಲ್ಲಿ ಗಾದೆಯೂ ಇಲ್ಲ, ಯೋಜನೆಯೂ ಇಲ್ಲ.

ಇರುವುದನ್ನು ಮೊದಲು ಒಪ್ಪಿಕೊಳ್ಳೋಣ. 2016ರಲ್ಲಿ ಕರ್ನಾಟಕ ಸರ್ಕಾರ ‘ಮುಖ್ಯಮಂತ್ರಿ ಸಾಂತ್ವನ ಹರೀಶ್’ ಯೋಜನೆಯನ್ನು ತಂದಿತು. ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ, ಸಾಯುವ ಹೊತ್ತಿನಲ್ಲೂ ನನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡ ಯುವಕನ ಹೆಸರು ಅದಕ್ಕೆ. ಅಪಘಾತದ ನಂತರದ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ನೆರವು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ‘ಗೋಲ್ಡನ್ ಅವರ್’ನಲ್ಲಿ ನಗದುರಹಿತ ಚಿಕಿತ್ಸೆ ಕೊಡಬೇಕು ಎಂದಿತು. ವರ್ಷಗಳು ಕಳೆದವು, ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ತಾಕೀತು ಮಾಡಿದ ಮೇಲೆ, ಅದೇ ವರ್ಷದ ಮೇ ತಿಂಗಳಲ್ಲಿ ಕೇಂದ್ರದ ಯೋಜನೆ ಜಾರಿಗೆ ಬಂತು: ಅಪಘಾತವಾದ ದಿನದಿಂದ ಏಳು ದಿನ, ಹೆಚ್ಚೆಂದರೆ 1.5 ಲಕ್ಷ ರೂಪಾಯಿ. ಇವು ಸಣ್ಣ ಕೆಲಸಗಳಲ್ಲ. ದುಡ್ಡು ಕಟ್ಟುವವರೆಗೆ ಸ್ಟ್ರೆಚರ್ ಮೇಲೆ ಕಾಯಬೇಕಾಗಿದ್ದ ಕಾಲವನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಆದರೆ ಆ ಏಳು ಎಂಬ ಅಂಕಿಯನ್ನು ಒಮ್ಮೆ ನಿಧಾನವಾಗಿ ನೋಡಿ. ಮುರಿದ ಕಾಲಿಗೆ ಏಳು ದಿನದಲ್ಲಿ ರಾಡು ಹಾಕಿ, ಪ್ಲಾಸ್ಟರ್ ಕಟ್ಟಿ ಮನೆಗೆ ಕಳುಹಿಸಬಹುದು. ಮೆದುಳಿಗೆ ಪೆಟ್ಟಾದವರಲ್ಲಿ ಎಷ್ಟೋ ಮಂದಿ ಏಳನೇ ದಿನ ಇನ್ನೂ ಕಣ್ಣು ಬಿಟ್ಟಿರುವುದಿಲ್ಲ. ಕಣ್ಣು ಬಿಟ್ಟವರಿಗೂ ಚೇತರಿಕೆಯ ದಾರಿ ಶುರುವಾಗುವುದು ಆಮೇಲೆಯೇ. ಮೊದಲ ಕೆಲವು ತಿಂಗಳಲ್ಲಿ ಅದು ವೇಗವಾಗಿ ಸಾಗುತ್ತದೆ, ಆಮೇಲೆ ನಿಧಾನವಾಗಿ ವರ್ಷಗಟ್ಟಲೆ. ಮಾತು, ನೆನಪು, ನಡಿಗೆ, ಕೋಪ, ನಿದ್ದೆ ಎಲ್ಲವನ್ನೂ ಮತ್ತೆ ಕಲಿಯಬೇಕಾದ ಕಾಲ ಅದು. ಅಂದರೆ ಕೈಹಿಡಿದು ನಡೆಸಬೇಕಾದ ಹೊತ್ತಿಗೆ ಸರಿಯಾಗಿ ಸರ್ಕಾರ ಕೈಬಿಡುತ್ತದೆ. ಜೀವ ಉಳಿಸಲು ಲಕ್ಷ ಕೊಟ್ಟು, ಉಳಿದ ಜೀವಕ್ಕೆ ಬಿಡಿಗಾಸೂ ಇಲ್ಲವೆನ್ನುವುದು ಉಳಿತಾಯವಲ್ಲ. ಬಾವಿಯಿಂದ ಮೇಲೆತ್ತಿ ಕಟ್ಟೆಯ ಮೇಲೆ ಬಿಟ್ಟುಬಂದ ಹಾಗೆ.

ಎಷ್ಟು ಜನರ ಪ್ರಶ್ನೆ ಇದು? 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491, ಗಾಯಗೊಂಡವರು 4,43,366. ಇವು ಕೇಂದ್ರ ಸಾರಿಗೆ ಸಚಿವಾಲಯದ್ದೇ ಅಂಕಿಗಳು. ಸತ್ತವರ ಸಂಖ್ಯೆ ಮರುದಿನದ ಪತ್ರಿಕೆಗೆ ತಲೆಬರಹವಾಗುತ್ತದೆ. ಗಾಯಗೊಂಡವರನ್ನು ತೀವ್ರ, ಸಣ್ಣ ಎಂದು ಎರಡು ಗುಂಪು ಮಾಡಿ ಕೈತೊಳೆದುಕೊಳ್ಳಲಾಗುತ್ತದೆ. ಇವರಲ್ಲಿ ಯಾರ ನೆನಪು ಹೋಯಿತು, ಯಾರು ಕೆಲಸಕ್ಕೆ ಮರಳಲಿಲ್ಲ ಎಂದು ಕೇಳುವ ಕಾಲಮ್ಮು ಅಲ್ಲಿಲ್ಲ. ನಮ್ಮ ದಂಡಸಂಹಿತೆ ‘ತೀವ್ರ ಗಾಯ’ ಯಾವುದೆಂದು ಪಟ್ಟಿ ಮಾಡುತ್ತದೆ. ಹಲ್ಲು ಮುರಿದರೆ ಅದು ತೀವ್ರ ಗಾಯ. ತಲೆ ಅಥವಾ ಮುಖದ ರೂಪ ಶಾಶ್ವತವಾಗಿ ಕೆಟ್ಟರೆ ತೀವ್ರ ಗಾಯ. ತಲೆಯೊಳಗಿನ ಮನುಷ್ಯನೇ ಬದಲಾಗಿಬಿಟ್ಟರೆ, ಅದನ್ನು ಹೆಸರಿಟ್ಟು ಹೇಳುವ ಸಾಲು ಆ ಪಟ್ಟಿಯಲ್ಲಿಲ್ಲ. ಇನ್ನು ಅಡಿಕೆ ಮರದಿಂದ ಬಿದ್ದವರು, ಕಟ್ಟಡದ ಸಾರುವೆಯಿಂದ ಬಿದ್ದವರು, ಬಚ್ಚಲಲ್ಲಿ ಜಾರಿದ ಮುದುಕರು ಇದ್ದಾರೆ. ಅವರು ರಸ್ತೆಯ ಲೆಕ್ಕಕ್ಕೂ ಸೇರುವುದಿಲ್ಲ.

ಮನುಷ್ಯ ಬದಲಾಗುವುದು ಎಂದರೇನು ಎಂದು ಹೇಳಬೇಕು. ಬಿದ್ದ ರಭಸಕ್ಕೆ ಮೆದುಳು ಬುರುಡೆಯ ಒಳಗೋಡೆಗೆ ಹೋಗಿ ಬಡಿಯುತ್ತದೆ. ಹಣೆಯ ಹಿಂದೆ ಮತ್ತು ಕಿವಿಯ ಪಕ್ಕದಲ್ಲಿ ಬುರುಡೆಯ ಒಳಮೈ ಉಬ್ಬುತಗ್ಗಾಗಿರುವುದರಿಂದ ಹೆಚ್ಚು ಜಜ್ಜಿಹೋಗುವುದು ಅಲ್ಲಿಯ ಭಾಗಗಳೇ. ಯೋಚಿಸಿ ಹೆಜ್ಜೆ ಇಡುವುದು, ಕೋಪವನ್ನು ನುಂಗುವುದು, ಒಂದು ಕೆಲಸವನ್ನು ಹಿಡಿದು ಮುಗಿಸುವುದು, ಈಗ ತಾನೇ ಕೇಳಿದ್ದನ್ನು ನೆನಪಿಡುವುದು, ಇವೆಲ್ಲ ನಡೆಯುವುದು ಆ ಭಾಗಗಳ ಬಲದಿಂದ. ಕೈಕಾಲು ಆಡುತ್ತವೆ, ಮುಖ ಹಳೆಯದೇ, ನಗುವೂ ಹಳೆಯದೇ. ಮದುವೆಮನೆಯಲ್ಲಿ ನೋಡಿದವರು ‘ಏನೂ ಆಗಿಯೇ ಇಲ್ಲ ಬಿಡಿ’ ಎನ್ನುತ್ತಾರೆ. ಇದನ್ನು ಕಾಣದ ಗಾಯ ಎನ್ನುವುದುಂಟು. ನನ್ನ ಅನುಭವದಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ನೋಡಲು ಮದುವೆಮನೆಗೆ ಬಂದರೆ ಸಾಲದು, ಮನೆಯಲ್ಲಿ ನಾಲ್ಕು ದಿನ ಇರಬೇಕು.

ನನ್ನ ತಮ್ಮ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದ. ಎಷ್ಟು ಚೀಲ, ಎಷ್ಟು ತೂಕ, ಯಾವ ದರ ಎಂದರೆ ಕ್ಯಾಲ್ಕುಲೇಟರ್ ಮುಟ್ಟದೆ ಮೊತ್ತ ಹೇಳುತ್ತಿದ್ದ. ಆರು ವರ್ಷದ ಹಿಂದೆ ಒಂದು ಸಂಜೆ ಬಿ.ಎಚ್. ರಸ್ತೆಯಲ್ಲಿ ಬೈಕಿನಿಂದ ಬಿದ್ದ. ಹೆಲ್ಮೆಟ್ ಇತ್ತಾ ಎಂದು ಎಲ್ಲರೂ ಕೇಳುತ್ತಾರೆ. ಇತ್ತು. ಇರದಿದ್ದರೂ ನಾನು ಈ ಲೇಖನ ಬರೆಯುತ್ತಿದ್ದೆ. ತಪ್ಪು ಮಾಡಿದವನಿಗೆ ಪೆಟ್ಟಿನ ನಂತರದ ಬದುಕು ಬೇಡವೆಂದು ಯಾವ ಕಾನೂನೂ ಹೇಳಿಲ್ಲ. ಇಪ್ಪತ್ಮೂರು ದಿನ ಆಸ್ಪತ್ರೆಯಲ್ಲಿದ್ದ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಫಿಟ್ಸ್ ಮಾತ್ರೆಯ ಹೆಸರಿತ್ತು, ಎರಡು ವಾರದ ಮೇಲೆ ಬಂದು ತೋರಿಸಿ ಎಂದಿತ್ತು. ಕೋಪ ಬಂದಾಗ ಏನು ಮಾಡಬೇಕು, ಕೆಲಸಕ್ಕೆ ಯಾವಾಗ ಕಳುಹಿಸಬಹುದು, ಯಾರನ್ನು ಕೇಳಬೇಕು ಎಂಬ ಒಂದು ಸಾಲೂ ಇರಲಿಲ್ಲ. ಈಗ ಅವನಿಗೆ ಹತ್ತು ವರ್ಷದ ಹಿಂದಿನ ಕೊಬ್ಬರಿ ದರ ನೆನಪಿದೆ. ಅರ್ಧ ಗಂಟೆಯ ಹಿಂದೆ ಗ್ಯಾಸ್ ಹಚ್ಚಿದ್ದು ನೆನಪಿಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ ಮೆದುಳು ಸೋತುಹೋಗುತ್ತದೆ. ಮಿಕ್ಸಿಯ ಸದ್ದಿಗೆ ರೇಗಿ ತಟ್ಟೆ ಎಸೆಯುತ್ತಾನೆ, ಹತ್ತು ನಿಮಿಷದ ಮೇಲೆ ಅಮ್ಮನ ಹತ್ತಿರ ಕೂತು ಅಳುತ್ತಾನೆ.

ಅಮ್ಮನಿಗೆ ಅರವತ್ಮೂರು. ಅವಳು ಗೋಡೆಯ ಕ್ಯಾಲೆಂಡರಿನ ಮೇಲೆ ಹಾಲು, ಮಾತ್ರೆ, ಸ್ನಾನ ಎಂದು ಬರೆದಿಟ್ಟು, ಆದದ್ದಕ್ಕೆ ಅವನ ಕೈಯಿಂದಲೇ ಗುರುತು ಹಾಕಿಸುತ್ತಾಳೆ. ಮೊದಲು ಅಂಗಡಿಗೆ ಒಂದೇ ಸಾಮಾನಿಗೆ ಕಳುಹಿಸುತ್ತಿದ್ದಳು. ಮೂರು ತಿಂಗಳಾದ ಮೇಲೆ ಎರಡು. ಈಗ ಐದಕ್ಕೆ ಬಂದಿದ್ದಾನೆ. ಒಮ್ಮೆ ಬೆಂಗಳೂರಿಗೆ ಹೋದಾಗ ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್ ಇದನ್ನೆಲ್ಲ ಕೇಳಿಸಿಕೊಂಡು, ‘ಅಮ್ಮಾ, ನಾವು ಮಾಡುವುದೂ ಇದನ್ನೇ’ ಎಂದರು. ನನಗೆ ಹೆಮ್ಮೆಯಾಯಿತು, ಆಮೇಲೆ ಸಿಟ್ಟು ಬಂತು. ಓದಿದವರು ಮೊದಲ ತಿಂಗಳಲ್ಲೇ ಹೇಳಿಕೊಡಬಹುದಾಗಿದ್ದನ್ನು ಅಮ್ಮ ಎರಡು ವರ್ಷ ತಡವರಿಸಿ ತಾನೇ ಕಂಡುಕೊಳ್ಳಬೇಕಾಯಿತು. ಆ ಥೆರಪಿಸ್ಟ್ ನಮ್ಮ ಮನೆಯಿಂದ 140 ಕಿಲೋಮೀಟರ್ ದೂರದಲ್ಲಿದ್ದರು.

ಇಂಥವರಿಗೆ ಕಾನೂನಿನಲ್ಲಿ ಜಾಗವಿದೆಯೇ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಸೆರೆಬ್ರಲ್ ಪಾಲ್ಸಿ ಇದೆ, ಪಾರ್ಕಿನ್ಸನ್ ಇದೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ಪೆಟ್ಟಿನಿಂದಾದ ಮೆದುಳಿನ ಗಾಯ ಎಂಬ ಹೆಸರಿಲ್ಲ. ಕಾಲು ಎಳೆದರೆ ಚಲನ ವೈಕಲ್ಯ, ಮಾತು ಹೋದರೆ ವಾಕ್ ವೈಕಲ್ಯ ಎಂದು ತುಂಡು ತುಂಡಾಗಿ ಅಳೆಯಬಹುದು. ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯಲ್ಲಿ ನೆನಪು, ತೀರ್ಮಾನಶಕ್ತಿ ಎಂಬ ಪದಗಳಿವೆ, ಮನಸ್ಸಿಟ್ಟು ಓದುವ ವೈದ್ಯರು ಸಿಕ್ಕರೆ ಆ ಬಾಗಿಲಿನಿಂದಲೂ ಒಳಗೆ ಬರಬಹುದು. ಆದರೆ ಬಾಗಿಲಿನ ಮೇಲೆ ಬೋರ್ಡಿಲ್ಲ. ನಾವು ಹೋದ ಕಡೆ ಕೈ ಎತ್ತಿಸಿದರು, ನಡೆಸಿದರು, ಹೆಸರು ಕೇಳಿದರು. ಅವನು ಸರಿಯಾಗಿ ಹೇಳಿದ. ಶೇ 40 ದಾಟದಿದ್ದರೆ ಪಿಂಚಣಿಯಿಲ್ಲ, ಮೀಸಲಾತಿಯಿಲ್ಲ. ನಡೆಯಬಲ್ಲ ಎಂಬುದೇ ಅವನಿಗೆ ಮುಳುವಾಯಿತು.

ಇದನ್ನು ಸರಿಪಡಿಸಲು ಸಂಸತ್ತಿನಲ್ಲಿ ತಿದ್ದುಪಡಿಯೂ ಬೇಕಿಲ್ಲ. ಅದೇ ಕಾಯ್ದೆಯ ಅನುಸೂಚಿಯ ಕೊನೆಯಲ್ಲಿ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಬೇರೆ ವರ್ಗಗಳನ್ನೂ ಸೇರಿಸಬಹುದು ಎಂದಿದೆ. ಒಂದು ಅಧಿಸೂಚನೆ ಸಾಕು. 27ನೇ ಕಲಮು ಪುನರ್ವಸತಿ ಸೇವೆಯನ್ನು ಸರ್ಕಾರದ ಕರ್ತವ್ಯ ಎನ್ನುತ್ತದೆ. ಎನ್ನುತ್ತಲೇ, ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂದು ಒಂದು ಕಿಂಡಿಯನ್ನೂ ಬಿಟ್ಟಿದೆ. ಇಡೀ ಹಕ್ಕು ಆ ಕಿಂಡಿಯಿಂದ ಸೋರಿಹೋಗಿದೆ.

ಪ್ರಮಾಣಪತ್ರ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಇಂದಿರಾಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿಯಲ್ಲಿ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ಅದೂ ಬಡತನ ರೇಖೆಯ ಕೆಳಗಿದ್ದು, ವೈಕಲ್ಯ ಶೇ 80 ದಾಟಿದವರಿಗೆ. ರಾಜ್ಯ ತನ್ನ ಪಾಲು ಸೇರಿಸಿದರೂ ಅದು ಒಬ್ಬರ ಆರೈಕೆಯ ಹತ್ತಿರಕ್ಕೂ ಬರುವುದಿಲ್ಲ. ಕರ್ನಾಟಕ 2024-25ರ ಬಜೆಟ್‌ನಲ್ಲಿ ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆ ಘೋಷಿಸಿದಾಗ ನನಗೆ ಸಂತೋಷವಾಗಿತ್ತು. ಮೊತ್ತ ಸಣ್ಣದಿರಬಹುದು, ಮನೆಯಲ್ಲಿ ನಡೆಯುವುದು ಕೆಲಸ ಎಂದು ಸರ್ಕಾರ ಬಾಯಿಬಿಟ್ಟು ಹೇಳಿತಲ್ಲ ಎಂದು. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಮನೆಗಳಿಗೆ ಅದು ಮೀಸಲು. ಅವರಿಗೆ ಸಿಗಲೇಬೇಕು, ಇನ್ನೂ ಹೆಚ್ಚು ಸಿಗಬೇಕು. ಅದೇ ಓಣಿಯಲ್ಲಿ, ಅದೇ ಆರೈಕೆ ಮಾಡುವ ನಮ್ಮಮ್ಮನಂಥವರು ಮಾತ್ರ ಯಾಕೆ ಲೆಕ್ಕಕ್ಕಿಲ್ಲ?

ಈ ಮಾತೆತ್ತಿದಾಗಲೆಲ್ಲ ಮೂರು ಉತ್ತರಗಳು ಬರುತ್ತವೆ. ಮೊದಲನೆಯದು, ‘ನಮ್ಮಲ್ಲಿ ಮನೆಯವರು ನೋಡ್ಕೋತಾರೆ, ಅದು ನಮ್ಮ ಸಂಸ್ಕೃತಿ.’ ಮನೆಯವರು ಎಂದರೆ ಯಾರು ಎಂದು ಕೇಳಿ. ತಾಯಿ, ಹೆಂಡತಿ, ಅಕ್ಕ. ಅವರಲ್ಲೊಬ್ಬಳು ಬೀಡಿ ಕಟ್ಟುವುದನ್ನೋ ಗಾರ್ಮೆಂಟ್ಸ್ ಕೆಲಸವನ್ನೋ ಬಿಟ್ಟು ಮನೆಯಲ್ಲಿ ಕೂರುತ್ತಾಳೆ. ಒಂದೇ ಪೆಟ್ಟಿಗೆ ಎರಡು ಸಂಬಳ ಹೋಗುತ್ತದೆ. ಅವಳ ದುಡಿಮೆಯನ್ನು ಪುಕ್ಕಟೆ ಬಳಸಿಕೊಂಡು ಅದಕ್ಕೆ ಸಂಸ್ಕೃತಿ ಎಂದು ಹೆಸರಿಡುವುದು ಜಾಣತನವಷ್ಟೇ. ಸಂಸ್ಕೃತಿಯ ಹೆಸರು ಹೇಳುವವರು ಈ ಪ್ರಶ್ನೆಗೂ ಉತ್ತರಿಸಲಿ: ಅಮ್ಮನ ನಂತರ ಯಾರು? ಪೆಟ್ಟು ತಿಂದವನಿಗೆ ಮೂವತ್ತೊಂದು, ಅವಳಿಗೆ ಅರವತ್ಮೂರು. ಇದು ಯಾರಾದರೂ ಮಾಡಬಲ್ಲ ಲೆಕ್ಕ.

ಎರಡನೆಯದು, ‘ಕೋರ್ಟಿನಲ್ಲಿ ಪರಿಹಾರ ಸಿಗುತ್ತದಲ್ಲ.’ 2007ರಲ್ಲಿ ಅಪಘಾತಕ್ಕೊಳಗಾದ 12 ವರ್ಷದ ಹುಡುಗಿಯೊಬ್ಬಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಕೊಟ್ಟ ತೀರ್ಪು ಓದಬೇಕಾದದ್ದು. ಮೆದುಳಿನ ಗಾಯದಿಂದ ಅವಳ ಬುದ್ಧಿಯ ವಯಸ್ಸು ಒಂಬತ್ತು ತಿಂಗಳ ಮಗುವಿನಷ್ಟಾಗಿತ್ತು. ಅವಳಿಗೆ ಇಬ್ಬರು ಆರೈಕೆದಾರರು ಬೇಕು, ತಿಂಗಳಿಗೆ ತಲಾ 5,000 ರೂಪಾಯಿ ಎಂದು ಲೆಕ್ಕಹಾಕಿ, ಒಟ್ಟು ಪರಿಹಾರವನ್ನು 62 ಲಕ್ಷಕ್ಕೂ ಮೇಲಕ್ಕೆ ಏರಿಸಿತು. ದೊಡ್ಡ ಮನಸ್ಸಿನ ತೀರ್ಪು. ಆದರೆ ಅದು ಬಂದದ್ದು ಹನ್ನೆರಡು ವರ್ಷಗಳ ಮೇಲೆ. ಆ ಹನ್ನೆರಡು ವರ್ಷ ದಿನಕ್ಕೆ ನಾಲ್ಕು ಸಲ ಉಣಿಸಿದವರು, ತೊಳೆದವರು ತೀರ್ಪಿಗಾಗಿ ಕಾಯಲಾಗಲಿಲ್ಲ. ಇನ್ನು ಗುದ್ದಿದ ಗಾಡಿ ಓಡಿಹೋದರೆ ತೀವ್ರ ಗಾಯಕ್ಕೆ ಸಿಗುವುದು 50,000 ರೂಪಾಯಿ, ಒಂದೇ ಕಂತು. ಅಡಿಕೆ ಮರದಿಂದ ಬಿದ್ದವನು ಯಾರ ಮೇಲೆ ದಾವೆ ಹೂಡಬೇಕು?

ಮೂರನೆಯದು, ‘ದುಡ್ಡೆಲ್ಲಿದೆ?’ ದುಡ್ಡಿಗೆ ದಾರಿ ಆಗಲೇ ಇದೆ. ಮೋಟಾರು ವಾಹನ ಕಾಯ್ದೆಯ 164ಬಿ ಕಲಮಿನಡಿ ಅಪಘಾತ ನಿಧಿ ಎಂಬುದೊಂದಿದೆ. ಏಳು ದಿನಕ್ಕೆ ನಿಲ್ಲುವ ನೆರವನ್ನು ಅದರ ಮೂಲಕವೇ ಎರಡು ವರ್ಷದ ಪುನಶ್ಚೇತನಕ್ಕೆ ಹಿಗ್ಗಿಸಬಹುದು. ಪ್ರತಿ ವಾಹನವೂ ಕಟ್ಟುವ ಥರ್ಡ್ ಪಾರ್ಟಿ ವಿಮೆಯ ಕಂತಿನಲ್ಲಿ ಒಂದು ಸಣ್ಣ ಪಾಲು, ಹೆಲ್ಮೆಟ್ ಇಲ್ಲದವರಿಂದ ವಸೂಲಾದ ದಂಡದಲ್ಲಿ ಒಂದು ಪಾಲು ಇಲ್ಲಿಗೆ ಬರಲಿ. ಊಟ ತಲುಪಿಸುವ ಹುಡುಗರಿಗಾಗಿ ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾನೂನು, ಪ್ರತಿ ವಹಿವಾಟಿನಲ್ಲಿ ಅವರಿಗೆ ಸಲ್ಲುವ ಹಣದ ಶೇ 1ರಿಂದ 5ರಷ್ಟನ್ನು ಕಂಪನಿಗಳಿಂದ ಕಲ್ಯಾಣ ಶುಲ್ಕವಾಗಿ ಪಡೆಯಲು ಅವಕಾಶ ಮಾಡಿದೆ. ನ್ಯೂಜಿಲೆಂಡ್ 1974ರಿಂದ ಇನ್ನೂ ಮುಂದಕ್ಕೆ ಹೋಗಿದೆ. ಅಲ್ಲಿ ಯಾವ ಅಪಘಾತವೇ ಆಗಲಿ, ತಪ್ಪು ಯಾರದು ಎಂದು ಕೇಳದೆ ಚಿಕಿತ್ಸೆ, ಪುನಶ್ಚೇತನ, ಮನೆಯ ನೆರವು ಸಿಗುತ್ತದೆ. ಹಣ ಬರುವುದು ಸಂಬಳ, ಪೆಟ್ರೋಲು, ವಾಹನ ನೋಂದಣಿಯ ಮೇಲಿನ ಶುಲ್ಕದಿಂದ. ಅವರಷ್ಟು ಶ್ರೀಮಂತರು ನಾವಲ್ಲ, ನಿಜ. ಆದರೆ ರಸ್ತೆ ಬಳಸುವವರೆಲ್ಲ ಸೇರಿ ರಸ್ತೆಯಲ್ಲಿ ಬಿದ್ದವರನ್ನು ಹೊರಬೇಕು ಎಂಬ ನ್ಯಾಯಕ್ಕೆ ಶ್ರೀಮಂತಿಕೆ ಬೇಕಿಲ್ಲ.

ಬೇಕಿರುವುದಾದರೂ ಏನು? ಇನ್ನೊಂದು ನಿಮ್ಹಾನ್ಸ್ ಕಟ್ಟಿ ಎಂದು ನಾನು ಕೇಳುತ್ತಿಲ್ಲ. ನರರೋಗಿಗಳ ಪುನಶ್ಚೇತನಕ್ಕೇ ಮೀಸಲಾದ ವಿಭಾಗ ಅಲ್ಲಿದೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೂ ಇದೆ. ಕಲಿಸುವವರು ನಮ್ಮಲ್ಲೇ ಇದ್ದಾರೆ. ಆ ಕಲಿಕೆ ತಾಲ್ಲೂಕಿಗೆ ಇಳಿಯುತ್ತಿಲ್ಲ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮ ನಮ್ಮದೇ. ಮಾನಸಿಕ ಅಸ್ವಸ್ಥರ ಹಗಲು ಆರೈಕೆಗೆ ‘ಮಾನಸಧಾರಾ’ ಕೇಂದ್ರಗಳಿವೆ. 2022ರಲ್ಲಿ ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ ಶುರುಮಾಡಿದ ಕರ್ನಾಟಕ ಬ್ರೇನ್ ಹೆಲ್ತ್ ಇನಿಷಿಯೇಟಿವ್ ಜಿಲ್ಲಾ ಆಸ್ಪತ್ರೆಗಳಿಗೆ ಮೆದುಳು ಆರೋಗ್ಯ ಕ್ಲಿನಿಕ್‌ಗಳನ್ನು ತಂದಿದೆ. ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಗೌರವಧನವೆಂಬ ಚಿಲ್ಲರೆಗೆ ದುಡಿಯುವ ವಿಕಲಚೇತನರು ಅವರು. ಅವರಿಗೆ ತರಬೇತಿ ಕೊಡಿ, ಸರಿಯಾದ ಸಂಬಳ ಕೊಡಿ. ಡಿಸ್ಚಾರ್ಜ್ ಆದ ವಾರದೊಳಗೆ ಒಬ್ಬರು ಮನೆಗೆ ಬರಲಿ. ತಾಲ್ಲೂಕಿಗೆ ವಾರಕ್ಕೊಮ್ಮೆ ಥೆರಪಿಸ್ಟ್ ಬರಲಿ. ಜಿಲ್ಲೆಗೊಂದು ಹಗಲು ಕೇಂದ್ರವಿರಲಿ, ಅಲ್ಲಿ ಕೆಲಸಕ್ಕೆ ಮರಳುವ ಅಭ್ಯಾಸ ನಡೆಯಲಿ. ನೋಡಿಕೊಳ್ಳುವವಳಿಗೆ ತಿಂಗಳಿಗೆ ನಾಲ್ಕು ದಿನವಾದರೂ ಬಿಡುವು ಸಿಗಲಿ. ಆರೈಕೆಯ ಭತ್ಯೆಗೆ ಈ ಮನೆಗಳೂ ಸೇರಲಿ.

ಇದನ್ನು ಸಾಹಿತ್ಯ ಪತ್ರಿಕೆಯಲ್ಲಿ ಯಾಕೆ ಬರೆಯುತ್ತಿದ್ದೀರಿ ಎಂದು ನೀವು ಕೇಳಬಹುದು. ನಮ್ಮ ಸಿನಿಮಾಗಳಲ್ಲಿ ತಲೆಗೆ ಪೆಟ್ಟು ಬಿದ್ದರೆ ನೆನಪು ಹೋಗುತ್ತದೆ, ಇನ್ನೊಂದು ಪೆಟ್ಟು ಬಿದ್ದರೆ ಮರಳುತ್ತದೆ. ನಡುವಿನ ಹತ್ತು ವರ್ಷ ಯಾರು ಗಂಜಿ ಕುಡಿಸಿದರು ಎಂಬುದು ಕಥೆಯಲ್ಲಿ ಬರುವುದಿಲ್ಲ. ರಷ್ಯಾದ ನರಮನೋವಿಜ್ಞಾನಿ ಎ.ಆರ್. ಲೂರಿಯಾ ಅದನ್ನೇ ಬರೆದರು. 1943ರ ಯುದ್ಧದಲ್ಲಿ ತಲೆಗೆ ಗುಂಡು ತಗುಲಿದ ಸೈನಿಕನೊಬ್ಬನಿಗೆ ಅಕ್ಷರಗಳೇ ಮರೆತುಹೋಗಿದ್ದವು. ಒಂದೊಂದೇ ಅಕ್ಷರ ನೆನೆಯಲು ಒದ್ದಾಡಬೇಡ, ಕೈ ಎತ್ತದೆ ಇಡೀ ಪದ ಬರೆದುಬಿಡು ಎಂದು ಯಾರೋ ತಿಳಿದವರು ಹೇಳಿದರು. ಕೈಗೆ ನೆನಪಿತ್ತು, ಅವನು ಬರೆದ. ಆಮೇಲೆ ಸುಮಾರು 25 ವರ್ಷ ತನ್ನ ಒಡೆದುಹೋದ ಜಗತ್ತನ್ನು ಕುರಿತು ಬರೆಯುತ್ತಲೇ ಇದ್ದ, ಸಾವಿರಾರು ಪುಟ. ಆ ಪುಟಗಳು ಹುಟ್ಟಿದ್ದು ಅವನ ಛಲದಿಂದ, ಜೊತೆಗೆ ಪಕ್ಕದಲ್ಲಿ ಕೂತು ಸರಿಯಾದ ಹೊತ್ತಿಗೆ ಸರಿಯಾದ ಮಾತು ಹೇಳಲು ಸಂಬಳ ಪಡೆದ ಒಬ್ಬರು ಇದ್ದದ್ದರಿಂದ. ನಮ್ಮ ತಾಲ್ಲೂಕುಗಳಲ್ಲಿ ಛಲಕ್ಕೆ ಬರವಿಲ್ಲ. ಆ ಒಬ್ಬರು ಮಾತ್ರ ಇಲ್ಲ.

ಈ ಪತ್ರಿಕೆಯನ್ನು ಓದುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ದಿನವೂ ಬೈಕು, ಸ್ಕೂಟರು ಹತ್ತುವವರೇ. ನಾನು ದಾನ ಕೇಳುತ್ತಿಲ್ಲ. ದಾನ ಮನಸ್ಸು ಕರಗಿದಾಗ ಬರುತ್ತದೆ, ಎಂಟನೇ ದಿನ ತಪ್ಪದೆ ಬರಲು ತೆರಿಗೆಯ ದುಡ್ಡೇ ಬೇಕು. ನಿಮ್ಮ ಶಾಸಕರು ಕಾಲೇಜಿನ ವಾರ್ಷಿಕೋತ್ಸವಕ್ಕೆ ಬಂದಾಗ, ಜಿಲ್ಲಾ ಉಸ್ತುವಾರಿ ಸಚಿವರು ಸಾಹಿತ್ಯ ಸಮ್ಮೇಳನದ ವೇದಿಕೆ ಹತ್ತಿದಾಗ ಎದ್ದು ನಿಂತು ಕೇಳಿ: ಏಳು ದಿನಕ್ಕೆ ನಿಂತದ್ದು ಯಾಕೆ? ಪಟ್ಟಿಗೆ ಒಂದು ಸಾಲು ಸೇರಿಸಲು ದೆಹಲಿಗೆ ಪತ್ರ ಬರೆದಿರಾ? ನಮ್ಮ ಜಿಲ್ಲೆಯಲ್ಲಿ ಹಗಲು ಕೇಂದ್ರ ಎಲ್ಲಿ? ಉತ್ತರವನ್ನು ಬರೆದಿಟ್ಟುಕೊಳ್ಳಿ, ಮುಂದಿನ ವರ್ಷ ಅದನ್ನು ಕೈಯಲ್ಲಿ ಹಿಡಿದು ಮತ್ತೆ ಕೇಳಿ.